ಬೇಸ್ ಬಡಿತಕ್ಕೆ ಆಫ್ ಆಗುತ್ತಿದ್ದ ಆಂಪ್ಲಿಫೈಯರ್

ಕಾರಿನ ಆಂಪ್ಲಿಫೈಯರ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ ಎಂದು ಯಾರಾದರೂ ಬಂದರೆ, ಅದು ಯಾವಾಗ ಹಾಗಾಗುತ್ತದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬಹಳ ಹೊತ್ತು ಹಾಡಿದ ಮೇಲೆ ನಿಂತರೆ ಬಿಸಿಯ ಮೇಲೆ, ರಸ್ತೆಗುಂಡಿಗೆ ಇಳಿದಾಗ ನಿಂತರೆ ಎಲ್ಲೋ ಸವೆದು ಕಾರಿನ ತಗಡಿಗೆ ತಾಗುತ್ತಿರುವ ವೈರಿನ ಮೇಲೆ ನನ್ನ ಸಂಶಯ ಹೋಗುತ್ತದೆ. ಮಂಗಳೂರಿನಲ್ಲಿ ಕಳೆದ ಮಳೆಗಾಲದಲ್ಲಿ ಬಂದ ಕಾರಿನ ಲಕ್ಷಣ ಬೇರೆಯಾಗಿತ್ತು. ಧ್ವನಿ ಏರಿಸಿ ಬೇಸ್ ಬಡಿತ ಬಿದ್ದೊಡನೆ ಡಿಕ್ಕಿಯಲ್ಲಿದ್ದ 500 ವ್ಯಾಟ್‌ಗಳ ಮೊನೊಬ್ಲಾಕ್ (ಒಂದೇ ಚಾನೆಲ್ಲಿನ ಆಂಪ್ಲಿಫೈಯರ್) ಆಫ್ ಆಗಿ, ಕೆಲವು ಸೆಕೆಂಡುಗಳಲ್ಲಿ ತಾನಾಗಿಯೇ ಚಾಲೂ ಆಗುತ್ತಿತ್ತು. ಅದನ್ನೇ ಬದಲಿಸಬೇಕೆಂದು ಮಾಲೀಕರಿಗೆ ಬೇರೆಡೆ ಹೇಳಿದ್ದರು.

ಆಂಪ್ಲಿಫೈಯರಿನ ಮೈ ಬೆಚ್ಚಗಷ್ಟೇ ಇತ್ತು. ಬೇಸ್ ಸ್ಪೀಕರಾದ ಸಬ್‌ವೂಫರಿನ ವೈರುಗಳು ತಗಡಿಗೆ ತಾಗಿರಲಿಲ್ಲ. ಆಫ್ ಆಗುವ ಹೊತ್ತಿನಲ್ಲೂ ಆಂಪ್ಲಿಫೈಯರನ್ನು ಚಾಲೂ ಮಾಡುವ ಸಂಕೇತ ತರುವ ರಿಮೋಟ್ ವೈರಿನಲ್ಲಿ ವೋಲ್ಟೇಜ್ ಸರಿಯಾಗಿಯೇ ಇತ್ತು. ಉಳಿದದ್ದು ಬ್ಯಾಟರಿಯಿಂದ ಬರುವ ಕರೆಂಟು; ವೋಲ್ಟೇಜ್ ತೀರಾ ಇಳಿದರೆ ಆಂಪ್ಲಿಫೈಯರ್ ತಾನಾಗಿಯೇ ಆಫ್ ಆಗುತ್ತದೆ.

ಇಲ್ಲಿ ಹಲವರು ಹಾಡು ನಿಲ್ಲಿಸಿ ಮಲ್ಟಿಮೀಟರ್ ಹಿಡಿಯುತ್ತಾರೆ. ಆಗ 12.5 ವೋಲ್ಟ್ ಕಾಣುವುದು ಸಹಜ, ಏಕೆಂದರೆ ಕರೆಂಟು ಹರಿಯದಿದ್ದಾಗ ಸಡಿಲ ಜೋಡಣೆಯಲ್ಲೂ ವೋಲ್ಟೇಜ್ ಇಳಿಯುವುದಿಲ್ಲ. ಓಮ್ ಅಳತೆಯೂ ಸಾಲದು: 0.04 ಓಮ್ ಅಡಚಣೆ ಮೀಟರಿನ ವೈರುಗಳದೇ ರೆಸಿಸ್ಟೆನ್ಸಿನಲ್ಲಿ ಮುಚ್ಚಿಹೋಗುತ್ತದೆ, ಆದರೆ 40 ಆಂಪಿಯರ್ ಹರಿದಾಗ ಅದೇ 1.6 ವೋಲ್ಟನ್ನು ನುಂಗುತ್ತದೆ. ಹೀಗಾಗಿ ನಾನು ಫೋನಿನಿಂದ 50 ಹರ್ಟ್ಸ್ ಸ್ವರವನ್ನು ಕೆಲವೇ ಕ್ಷಣ ನುಡಿಸಿ, ಆ ಹೊತ್ತಿನಲ್ಲೇ ಅಳೆಯುತ್ತೇನೆ; ಹಾಡಿನ ಬಡಿತದ ವೇಗಕ್ಕೆ ಸಾಮಾನ್ಯ ಮೀಟರು ಸ್ಪಂದಿಸುವುದಿಲ್ಲ.

ಎಂಜಿನ್ ನಿಲ್ಲಿಸಿದ್ದಾಗ ಬ್ಯಾಟರಿಯಲ್ಲಿ 12.2 ವೋಲ್ಟ್ ಇದ್ದರೆ ಆಂಪ್ಲಿಫೈಯರಿನ ಟರ್ಮಿನಲ್‌ಗಳಲ್ಲಿ ಬರೀ 10.1 ಇತ್ತು. ಮೀಟರಿನ ಒಂದು ಕಡ್ಡಿಯನ್ನು ಉದ್ದನೆಯ ವೈರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ, ಇನ್ನೊಂದನ್ನು ಆಂಪ್ಲಿಫೈಯರಿನ ಅರ್ಥ್ (ಕಾರಿನ ತಗಡಿನ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿ) ಟರ್ಮಿನಲ್‌ಗೆ ಇಟ್ಟಾಗ 1.6 ವೋಲ್ಟ್ ತೋರಿಸಿತು. ಪಾಸಿಟಿವ್ ವೈರಿನ ಪಾಲು 0.5 ಮಾತ್ರ. ದೋಷ ಅರ್ಥ್‌ನಲ್ಲಿಯೇ ಇತ್ತು.

ಅರ್ಥ್ ವೈರನ್ನು ಹಿಂಬದಿ ಸೀಟಿನ ಕೆಳಗೆ ತಗಡಿಗೆ ಸಣ್ಣ ಸ್ಕ್ರೂವಿನಿಂದ ಬಿಗಿದಿದ್ದರು. ಬಿಚ್ಚಿದರೆ ವೈರಿನ ತುದಿಯ ಲೋಹದ ಬಳೆಯಾದ ಲಗ್‌ನ ಅಡಿಯಲ್ಲಿ ಪೇಂಟ್ ಹಾಗೆಯೇ ಇತ್ತು. ಸ್ಕ್ರೂವಿನ ಎಳೆಗಳಷ್ಟೇ ಲೋಹಕ್ಕೆ ತಾಗಿದ್ದು, ಅವೂ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು. ಹತ್ತಿರದಲ್ಲೇ ದಪ್ಪ ತಗಡಿರುವ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ವೈರಿಗೆ ಒತ್ತಿ ಕೂರಿಸಿದ ತಾಮ್ರದ ಲಗ್ಗನ್ನು ಹಲ್ಲಿನ ವಾಷರ್, ಬೋಲ್ಟ್, ನಟ್‌ಗಳಿಂದ ಬಿಗಿದು, ಮೇಲೆ ಗ್ರೀಸ್ ಸವರಿದೆ. ಸೀಟ್‌ಬೆಲ್ಟಿನ ಬೋಲ್ಟನ್ನು ಮಾತ್ರ ಇಂಥ ಕೆಲಸಕ್ಕೆ ನಾನು ಎಂದೂ ಮುಟ್ಟುವುದಿಲ್ಲ. ಅದು ಪ್ರಾಣ ಕಾಯುವ ಜಾಗ.

ಅದೇ ಸ್ವರವನ್ನು ಮತ್ತೆ ನುಡಿಸಿದಾಗ ಅರ್ಥ್ ಕಡೆಯ ನಷ್ಟ 0.1 ವೋಲ್ಟಿಗೆ ಇಳಿಯಿತು, ಆಂಪ್ಲಿಫೈಯರ್ ಆಫ್ ಆಗಲಿಲ್ಲ. ಪಾಸಿಟಿವ್ ವೈರು ಅಪ್ಪಟ ತಾಮ್ರಕ್ಕಿಂತ ರೆಸಿಸ್ಟೆನ್ಸ್ ಹೆಚ್ಚಿರುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್‌ನದಾಗಿದ್ದರಿಂದ, ಅದನ್ನು 4 ಗೇಜ್ ದಪ್ಪದ ಅಪ್ಪಟ ತಾಮ್ರದ ವೈರಿಗೆ ಬದಲಿಸಲು ಹೇಳಿ ಕಾರನ್ನು ಕಳುಹಿಸಿಕೊಟ್ಟೆ.