ಎಲ್‌ಟಿಝಡ್ 400ಕ್ಕೆ ಎಫ್‌ಸಿಆರ್ 39 ಕೂರಿಸಿದ್ದು: ನನ್ನ ಅನುಭವ

"ಕಂಪನಿ ಕಾರ್ಬುರೇಟರ್ ಮುಟ್ಟಬೇಡಪ್ಪ, ಬಳ್ಳಾರಿ ಬಿಸಿಲಿಗೆ ರೇಸ್ ಕಾರ್ಬ್ ನಿಲ್ಲಲ್ಲ." ಹೀಗಂದವರು ನನಗೆ ಕೆಲಸ ಕಲಿಸಿದ ಉಸ್ತಾದ್. ಗೆಳೆಯರೂ ಅದನ್ನೇ ಹೇಳಿದರು. ಕಾರ್ಬುರೇಟರ್ ಅಂದರೆ ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಭಾಗ. ಅವರ ಮಾತು ಕೇಳದೆ ನನ್ನ ಕ್ವಾಡಿಗೆ ಎಫ್‌ಸಿಆರ್ 39 ಅನ್ನೋ ರೇಸ್ ಕಾರ್ಬ್ ಹಾಕಿದೆ. ಈಗ ಎರಡು ಬೇಸಿಗೆ ಕಳೆದಿದೆ. ಥ್ರಾಟಲ್ ಒತ್ತಿದ ಕೂಡಲೇ ಗಾಡಿ ಮುಂದೆ ಹಾರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ನಾಲ್ಕು ಚಕ್ರದ ಕ್ವಾಡ್ ಬೈಕು, ಸೆಕೆಂಡ್ ಹ್ಯಾಂಡ್ ಸುಜುಕಿ ಎಲ್‌ಟಿಝಡ್ 400. ಕುರುಗೋಡು ಕಡೆ ನಮ್ಮ ಎರೆ ಹೊಲದಲ್ಲಿ ಮೆಣಸಿನಕಾಯಿ ಕಿತ್ತ ಮೇಲೆ ಟ್ರ್ಯಾಕ್ ಮಾಡಿಕೊಂಡು ಓಡಿಸುತ್ತೇವೆ. ಅದರಲ್ಲಿ ಬಂದಿದ್ದು ಮಿಕುನಿ ಬಿಎಸ್‌ಆರ್ 36, ಸಿವಿ ಕಾರ್ಬ್. ಅಂದರೆ ಗಾಳಿದಾರಿ ತೆರೆಯುವ ಸ್ಲೈಡನ್ನು ಕೇಬಲ್ ಅಲ್ಲ, ಇಂಜಿನ್ನಿನ ವ್ಯಾಕ್ಯೂಮ್ ಎತ್ತುತ್ತೆ. ಕೆಟ್ಟದ್ದಲ್ಲ. ಆದರೆ ತಿರುವಿನಿಂದ ಹೊರಗೆ ಬರುವಾಗ ಹೆಬ್ಬೆರಳಿನ ಥ್ರಾಟಲ್ ಪೂರ್ತಿ ಒತ್ತಿದರೆ ಸ್ಲೈಡ್ ನಿಧಾನ ಏಳುತ್ತೆ. ವ್ಯಾಕ್ಯೂಮ್ ಬರೋವರೆಗೆ ಕಾಯಬೇಕು. ಅಷ್ಟರಲ್ಲಿ ಮುಂದಿನವನು ಹೋಗಿಬಿಟ್ಟಿರುತ್ತಾನೆ.

ಮೊದಲು ಹೊಸದು ಕೊಳ್ಳದೆ ಅದನ್ನೇ ಸರಿಮಾಡೋಣ, ಸ್ಲೈಡ್ ಬೇಗ ಏಳಲಿ ಅಂತ ಅದರ ಕೆಳಗಿನ ತೂತು ದೊಡ್ಡದು ಮಾಡಿದೆ. ಒಂದು ಸೈಜ್ ಸಾಕಿತ್ತು, ನಾನು ಮೂರು ಸೈಜ್ ಹೋದೆ. ಸ್ಲೈಡ್ ಪಟಪಟ ಕುಣಿಯತೊಡಗಿತು. ಅರ್ಧ ಥ್ರಾಟಲ್‌ನಲ್ಲಿ ಗಾಡಿ ಎಳೆಯುತ್ತೆ, ಬಿಡುತ್ತೆ, ಎಳೆಯುತ್ತೆ. ಡಯಾಫ್ರಮ್ (ತೆಳು ರಬ್ಬರ್ ಪರದೆ) ಸಮೇತ ಹೊಸ ಸ್ಲೈಡ್ ತರಿಸಲು ಆರು ಸಾವಿರದ ಹತ್ತಿರ ಹೋಯಿತು.

ಆಮೇಲೆ ದುಡ್ಡು ಉಳಿಸೋಣ ಅಂತ ಆನ್‌ಲೈನ್‌ನಲ್ಲಿ ನಕಲಿ ಪಿಡಬ್ಲ್ಯುಕೆ 38 ಕಾರ್ಬ್ ತರಿಸಿದೆ, ನಾಲ್ಕೂವರೆ ಸಾವಿರ. ಜೋರು ವೇಗದ ಓಟ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಅದರಲ್ಲಿ ಪಂಪ್, ಅಂದರೆ ಥ್ರಾಟಲ್ ಒತ್ತಿದ ಕೂಡಲೇ ಪೆಟ್ರೋಲ್ ಚಿಮ್ಮಿಸುವ ಭಾಗ, ಇಲ್ಲ. ಫೋರ್ ಸ್ಟ್ರೋಕ್ ಇಂಜಿನ್‌ಗೆ ಸ್ಲೈಡ್ ದಿಢೀರ್ ಎತ್ತಿದರೆ ಗಾಳಿ ನುಗ್ಗುತ್ತೆ, ಪೆಟ್ರೋಲ್ ಹಿಂದೆ ಬೀಳುತ್ತೆ, ಗಾಡಿ ಉಸಿರು ಕಟ್ಟಿ ಮುಕ್ಕರಿಸುತ್ತೆ. ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಪುಟ್ಟ ತಿರುಪು) ಎಷ್ಟು ಬದಲಿಸಿದರೂ ಆ ಮುಕ್ಕರಿಕೆ ಹೋಗಲಿಲ್ಲ. ತಿಂಗಳು ಕಳೆಯೋದರೊಳಗೆ ಸ್ಲೈಡ್ ಗೀರಿಕೊಂಡು ಸಿಕ್ಕಿಹಾಕಿಕೊಳ್ಳತೊಡಗಿತು. ಥ್ರಾಟಲ್ ಸಿಕ್ಕಿಕೊಂಡ ಕ್ವಾಡ್ ಮೇಲೆ ಕೂತವನಿಗೇ ಗೊತ್ತು ಆ ಭಯ. ಅವತ್ತೇ ಬಿಚ್ಚಿಟ್ಟೆ.

ಆಗ ನಿರ್ಧಾರ ಮಾಡಿದೆ: ಕಾರ್ಬ್ ಬಾಯಿ ಎಷ್ಟು ಎಂಎಂ ಅನ್ನೋದು ಆಮೇಲೆ, ಮೊದಲು ಪಂಪ್ ಬೇಕು. 42 ಹಾಕು ಅಂದವರೂ ಇದ್ದರು. ನಾನು 39ಕ್ಕೇ ನಿಂತೆ, ಅದಕ್ಕೆ ಕಾರಣ ಇದೆ. ನಮ್ಮ ಗಾಡಿಯ 398 ಸಿಸಿ ಇಂಜಿನ್ ಡಿಆರ್‌ಝಡ್ 400 ಬೈಕಿನ ಮನೆತನದ್ದೇ. ಅದರಲ್ಲಿ ರೋಡ್ ಗಾಡಿಗೆ, ಅಂದರೆ ಎಸ್ ಮಾಡೆಲ್‌ಗೆ, ಸುಜುಕಿಯವರು ಬಿಎಸ್‌ಆರ್ 36 ಕೊಟ್ಟರು. ಕಾಡುಮೇಡು ಓಡಿಸುವ ಇ ಮಾಡೆಲ್‌ಗೆ ಕೆಹಿನ್ ಎಫ್‌ಸಿಆರ್ 39. ಅವರೇ ಲೆಕ್ಕ ಹಾಕಿ ಕೊಟ್ಟಿದ್ದಾರೆ ಅಂದಮೇಲೆ ನಾನೇಕೆ 42ರ ಹಿಂದೆ ಹೋಗಲಿ?

ಯಮಹಾ ವೈಎಫ್‌ಝಡ್ 450ರಿಂದ ಬಿಚ್ಚಿದ ಎಫ್‌ಸಿಆರ್ 39 ಬೆಂಗಳೂರಿನಲ್ಲಿ ಸಿಕ್ಕಿತು. ಇಪ್ಪತ್ತೊಂದು ಸಾವಿರ ಅಂತ ನೆನಪು. ಓ-ರಿಂಗ್ ಕಿಟ್‌ಗೆ ಇನ್ನೆರಡೂವರೆ ಸಾವಿರ. ಕ್ವಾಡಿನ ಕಾರ್ಬೇ ಆದ್ದರಿಂದ ಒಂದೇ ಕೇಬಲ್ ಸಾಕಾಯಿತು.

ಇಲ್ಲೂ ಒಂದು ಏಟು ತಿಂದೆ. ಇನ್‌ಟೇಕ್ ರಬ್ಬರಿಗೂ ಕಾರ್ಬಿಗೂ ಸೈಜ್ ಹೊಂದಲಿಲ್ಲ. ಲೇಥಿನಲ್ಲಿ ಅಲ್ಯೂಮಿನಿಯಂ ಬುಶ್ ಮಾಡಿಸಿದೆ, ಎಂಟು ನೂರು ರೂಪಾಯಿ. ಕೂದಲೆಳೆ ಸಂದು ಉಳಿದಿತ್ತು. ಐಡ್ಲಿಂಗ್ ತಾನಾಗಿ ಏರುತ್ತೆ, ಇಳಿಯುತ್ತೆ. ಒಂದು ವಾರ ಜೆಟ್ ಬದಲಿಸುತ್ತಾ ಕೂತೆ. ಕೊನೆಗೆ ಬುಶ್ ಸುತ್ತ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದಾಗ ಇಂಜಿನ್ ಸದ್ದು ಬದಲಾಯಿತು, ಕಳ್ಳ ಸಿಕ್ಕಿದ. ಎರಡನೇ ಬುಶ್ ಬಿಗಿಯಾಗಿ ಮಾಡಿಸಿದ ಮೇಲೆ ಆ ತೊಂದರೆ ಇಲ್ಲ. ಜೆಟ್ ಮುಟ್ಟೋ ಮೊದಲು ಏರ್ ಲೀಕ್ ನೋಡಿಬಿಡಿ.

ಇನ್ನು ಜೆಟ್. ಹೊರದೇಶದವರು ಕೊಡುವ ಪಟ್ಟಿ ತಂಪು ಹವೆಯದು. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ. ಬಿಸಿ ಗಾಳಿ ತೆಳು, ಆದ್ದರಿಂದ ಮೇನ್ ಜೆಟ್ (ಪೂರ್ತಿ ಥ್ರಾಟಲ್‌ಗೆ ಪೆಟ್ರೋಲ್ ಕೊಡುವುದು) ಚಿಕ್ಕದು ಸಾಕು ಅನ್ನೋದು ಎಲ್ಲರ ಮಾತು. ಆದರೆ ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಇದ್ದಷ್ಟೂ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಒಂದು ಕೆಳಗೆ ಎಳೆಯುತ್ತೆ, ಒಂದು ಮೇಲೆ. ನಾನು 155ರಿಂದ ಶುರು ಮಾಡಿ 165ರವರೆಗೆ ಹೋಗಿ 160ಕ್ಕೆ ವಾಪಸ್ ಬಂದೆ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ 45, ಡಿಸೆಂಬರ್ ಚಳಿಗೆ 48. ಫ್ಯುಯೆಲ್ ಸ್ಕ್ರೂ ಪೂರ್ತಿ ಬಿಗಿದು ಒಂದೂಮುಕ್ಕಾಲು ಸುತ್ತು ಹೊರಗೆ. ಜೆಟ್ಟುಗಳಿಗೇ ಎರಡು ಸಾವಿರ ಆಗಿರಬಹುದು. ನೀಡಲ್ ಯಾವುದು, ಲೀಕ್ ಜೆಟ್ ಎಷ್ಟು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಪಂಪಿನ ವಿಷಯ ಮಾತ್ರ ಹೇಳುತ್ತೇನೆ. ಏರ್‌ಬಾಕ್ಸ್ ಕಡೆಯ ರಬ್ಬರ್ ತೆಗೆದು ಥ್ರಾಟಲ್ ಒತ್ತಿ ನೋಡಿ. ಪೆಟ್ರೋಲಿನ ಎಳೆ ಸ್ಲೈಡಿಗೆ ಬಡಿಯಬಾರದು, ಸವರಿದಂತೆ ಪಕ್ಕದಲ್ಲೇ ದಾಟಬೇಕು. ಪಂಪಿನ ಲಿಂಕ್ ಸಡಿಲ ಇರುತ್ತೆ, ಅದಕ್ಕೆ ಪುಟ್ಟ ಓ-ರಿಂಗ್ ಸುತ್ತಿದರೆ ಚಿಮ್ಮುವುದು ತಡವಾಗಲ್ಲ. ಐದು ರೂಪಾಯಿಯ ಆ ರಿಂಗ್ ಮಾಡಿದ ಕೆಲಸವನ್ನು ನನ್ನ ಯಾವ ಜೆಟ್ಟೂ ಮಾಡಲಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಸಂಡೂರು ಕಡೆ ಹೋದರೆ ಕೆಂಪು ಅದಿರು ಧೂಳು ಹಿಟ್ಟಿನಂತಿರುತ್ತೆ, ಫೋಮ್ ಫಿಲ್ಟರ್ ಒಂದೇ ದಿನಕ್ಕೆ ಕಟ್ಟಿಕೊಳ್ಳುತ್ತೆ. ಹಳೆ ನೈಲಾನ್ ಸೀರೆಯ ತುಂಡು ಎರಡು ಮಡಿಕೆ ಮಾಡಿ ಫಿಲ್ಟರಿಗೆ ಚೀಲದಂತೆ ಹೊಲಿಸಿದೆ. ಜಾಡಿಸಿದರೆ ಧೂಳು ಉದುರುತ್ತೆ. ಹತ್ತಿ ಬಟ್ಟೆ ಬೇಡ, ಎಣ್ಣೆ ಹೀರಿ ಉಸಿರು ಕಟ್ಟಿಸುತ್ತೆ, ಅದನ್ನೂ ಮಾಡಿ ನೋಡಿದ್ದೇನೆ.

ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗಲ್ಲ ಅನ್ನೋ ಉಸ್ತಾದರ ಮಾತು ಅರ್ಧ ನಿಜ. ಹಾಟ್ ಸ್ಟಾರ್ಟ್ ನಾಬ್ (ಬಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ಬಿಡುವ ಗುಂಡಿ) ಎಳೆದು ಥ್ರಾಟಲ್ ಮುಟ್ಟದೆ ಬಟನ್ ಒತ್ತಿದರೆ ಹತ್ತುತ್ತೆ. ಥ್ರಾಟಲ್ ಒತ್ತಿದರೆ ಪಂಪ್ ಇನ್ನಷ್ಟು ಸುರಿದು ಪ್ಲಗ್ ಒದ್ದೆ ಮಾಡುತ್ತೆ. ಪೆಟ್ರೋಲ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿ ಸೈಲೆನ್ಸರಿನಿಂದ ದೂರ ಕಟ್ಟಿದ್ದೇನೆ.

ಒಟ್ಟು ಮೂವತ್ತೆಂಟು ಸಾವಿರದ ಆಸುಪಾಸು ಹೋಗಿದೆ. ಅದರಲ್ಲಿ ಹನ್ನೊಂದು ಸಾವಿರ ಸುಮ್ನೆ ಕಳೆದದ್ದು.

ಒಂದು ಎಚ್ಚರಿಕೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ ಬಟ್ಟಲು ಖಾಲಿ ಮಾಡಿ. ಇ20 ಒಳಗೇ ಉಳಿದರೆ ಬಿಳಿ ಪುಡಿ ಕಟ್ಟುತ್ತೆ, ಪಂಪಿನ ಡಯಾಫ್ರಮ್ ಗಟ್ಟಿಯಾಗುತ್ತೆ. ನನ್ನದು ಒಂದು ಹಾಗೇ ಹೋಯಿತು. ಆಮೇಲೆ ಎರಡು ಸ್ಪೇರ್ ತರಿಸಿಟ್ಟೆ. ಮೊನ್ನೆ ಉಸ್ತಾದ್ ಬಂದು, ತಮ್ಮ ಗಿರಾಕಿಯ ಕ್ವಾಡಿಗೂ ಎಫ್‌ಸಿಆರ್ ಹಾಕುತ್ತಿದ್ದೇನೆ ಅಂತ, ಒಂದನ್ನು ತೆಗೆದುಕೊಂಡು ಹೋದರು.