ಆರು ಗಂಟೆಗಿಂತ ಮೊದಲು ಗಡಿಯಾರ

ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಸರ್ವರ್, ನೆಟ್‌ವರ್ಕ್ ಎಲ್ಲ ನನ್ನ ತಲೆಮೇಲೆ. 2022ರ ಏಪ್ರಿಲ್ 28ರಂದು ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್ ತನ್ನ ನಿರ್ದೇಶನ ಹೊರಡಿಸಿದಾಗ ಎಲ್ಲರೂ ಮಾತಾಡಿದ್ದು ಎರಡೇ ವಿಷಯ: ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು, ವಿಪಿಎನ್ (ಇಂಟರ್‌ನೆಟ್‌ನಲ್ಲಿ ಗುರುತು ಮರೆಸುವ ಖಾಸಗಿ ದಾರಿ) ಸೇವೆಯವರು ಗ್ರಾಹಕರ ವಿವರ 5 ವರ್ಷ ಇಡಬೇಕು. ನಾನು ಕೈಹಾಕಿದ್ದು ಯಾರೂ ಮಾತಾಡದ, ಆ ನಿರ್ದೇಶನದ ಮೊದಲ ಅಂಶಕ್ಕೆ. ಎಲ್ಲ ಯಂತ್ರಗಳ ಗಡಿಯಾರವೂ ಸರಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಬೇಕು.

"ಟೈಮ್ ಸರಿ ಇಟ್ಕೊಳ್ರಿ ಅನ್ನಾಕೂ ಸರಕಾರ ಬೇಕಾತೇನ್ರೀ?" ಎಂದು ನಮ್ಮ ಎಂ.ಡಿ. ನಕ್ಕರು. ಅವರಿಗೆ ಮೂರು ಪರದೆ ತೋರಿಸಿದೆ. ಒಬ್ಬರೇ ನೌಕರ, ಒಂದೇ ಲಾಗಿನ್. ಲಾಗಿನ್‌ಗಳನ್ನು ಪರಿಶೀಲಿಸುವ ಡೊಮೇನ್ ಸರ್ವರ್‌ನಲ್ಲಿ ಬೆಳಿಗ್ಗೆ ಹತ್ತು. ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಓಡುವ ಫೈರ್‌ವಾಲ್‌ನಲ್ಲಿ (ನೆಟ್‌ವರ್ಕಿನ ಕಾವಲುಗಾರ) ನಾಲ್ಕೂವರೆ. ಸಿಸಿಟಿವಿ ಡಿವಿಆರ್‌ನಲ್ಲಿ ಹತ್ತಾಗಲು ಇನ್ನೂ ಹನ್ನೊಂದು ನಿಮಿಷ. "ಇದರಾಗ ಯಾವುದನ್ನ ನಂಬೋಣ್ರಿ ಸರ?" ಎಂದೆ. ಆಮೇಲೆ ಅವರು ನಗಲಿಲ್ಲ.

ಡೊಮೇನ್ ಸರ್ವರ್ ಒಂದನ್ನೇ ಹೊರಗಿನ ಸಮಯಕ್ಕೆ ಜೋಡಿಸಿ, ಉಳಿದದ್ದೆಲ್ಲ ಅದನ್ನೇ ಕೇಳುವಂತೆ ಮಾಡಿದೆ. ಆದರೂ ಗಡಿಯಾರ ಆಗಾಗ ಜಿಗಿಯುತ್ತಿತ್ತು. ಆ ಸರ್ವರ್ ಇದ್ದದ್ದು ವರ್ಚುವಲ್ ಮಷೀನಿನಲ್ಲಿ, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ಇನ್ನೊಂದರಲ್ಲಿ; ಅದನ್ನು ಹೊತ್ತ ಕೆಳಗಿನ ಯಂತ್ರ, ಹೋಸ್ಟ್ ಕೂಡ ತನ್ನ ಸಮಯವನ್ನು ಅದಕ್ಕೆ ತುರುಕುತ್ತಿತ್ತು. ಹೋಸ್ಟ್‌ನ ಟೈಮ್ ಸಿಂಕ್ ಆಫ್ ಮಾಡಿದ ಮೇಲೆ ತಣ್ಣಗಾಯಿತು.

ಅದೇ ನಿರ್ದೇಶನದಂತೆ ಲಾಗ್ (ಯಂತ್ರಗಳು ತಾವೇ ಬರೆದಿಡುವ ದಿನಚರಿ) 180 ದಿನ ಇಡುವುದು ಜಾಗದ ಲೆಕ್ಕ, ಅಷ್ಟೆ. ವಿಂಡೋಸ್ ಸೆಕ್ಯುರಿಟಿ ಲಾಗ್‌ಗೆ ಮೊದಲೇ ಇರುವ ಮಿತಿ ಸಾಮಾನ್ಯವಾಗಿ 20 ಎಂಬಿ. ತುಂಬಿದರೆ ಹಳೆಯದನ್ನು ಅಳಿಸಿ ಬರೆಯುತ್ತದೆ. ಮೂಲೆಯಲ್ಲಿದ್ದ ಹಳೆಯ ಸರ್ವರ್‌ಗೆ ಎರಡು ಹಾರ್ಡ್‌ಡಿಸ್ಕ್ ಹಾಕಿ, ಎಲ್ಲವನ್ನೂ ಅಲ್ಲಿಗೆ ಹರಿಸಿದೆ.

ಆರು ಗಂಟೆ ಮಾತ್ರ ನಮ್ಮಂಥವರಿಗೆ ಬಿಗಿಯೇ. ಮಾಹಿತಿ ಸೋರಿಕೆಗೆ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ 72 ಗಂಟೆ ಕೊಡುತ್ತದೆ. ಆದರೆ ಆರು ಗಂಟೆಯಲ್ಲಿ ತನಿಖೆ ಮುಗಿಸಿ ಎಂದು ಯಾರೂ ಕೇಳುತ್ತಿಲ್ಲ. ಆ ಹೊತ್ತಿಗೆ ಗೊತ್ತಿರುವುದನ್ನು ತಿಳಿಸಿದರೆ ಸಾಕು, ಉಳಿದದ್ದು ಆಮೇಲೆ ಎಂದು ಅದೇ ವರ್ಷ ಮೇ ತಿಂಗಳಲ್ಲಿ ಬಂದ ಪ್ರಶ್ನೋತ್ತರದಲ್ಲಿ ಹೇಳಿದ್ದಾರೆ. ಹಾಗಾಗಿ ಅರ್ಧ ಪುಟದ ನಮೂನೆ ಮಾಡಿ, ಸರ್ಟ್-ಇನ್ ಸಹಾಯವಾಣಿ 1800-11-4949 ಜೊತೆಗೆ ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದೆ.

ಮುಂದೊಮ್ಮೆ ಲೆಕ್ಕಪತ್ರ ವಿಭಾಗದ ಮೇಲ್ ಖಾತೆಯೊಂದು ಕಳ್ಳರ ಪಾಲಾಯಿತು. ಫೈರ್‌ವಾಲ್, ಮೇಲ್, ಡೊಮೇನ್ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಸೆಕೆಂಡಿಗೆ ಸೆಕೆಂಡು ಕೂಡಿಬಂತು. ಊಟಕ್ಕೆ ಏಳುವ ಮೊದಲೇ ವರದಿ ಕಳಿಸಿದ್ದೆ.