ಹಿಂದಿನ ಚಕ್ರಕ್ಕೆ ರೀಸೋಲ್ ಟೈರು: ನನ್ನ ಅನುಭವ

ನನ್ನ ಸ್ಪ್ಲೆಂಡರ್ ಬೈಕಿನ ಹಿಂದಿನ ರೀಸೋಲ್ ಟೈರು (ಸವೆದ ಟೈರಿನ ಮೈಗೆ ಹೊಸ ರಬ್ಬರ್ ಅಂಟಿಸಿದ್ದು) ಮೊನ್ನೆ ಸಂಪಾಜೆ ಘಾಟಿಯಲ್ಲಿ 14 ಸಾವಿರ ಕಿಲೋಮೀಟರ್ ದಾಟಿತು. ‘ಲಾರಿಗಾದರೆ ಸರಿ, ಬೈಕಿಗೆ ಹಾಕಿ ಕೈಕಾಲು ಮುರಿದುಕೊಳ್ಳಬೇಡ’ ಎಂದಿದ್ದ ಸುಂಟಿಕೊಪ್ಪದ ಮೆಕ್ಯಾನಿಕ್ ಈಗ ತನ್ನದೇ ಟೈರು ತಂದು ‘ಇದು ಆದೀತಾ?’ ಎಂದು ಕೇಳುತ್ತಾನೆ.

ಮೊದಲು ಎರಡು ಸಲ ಸೋತೆ. ಮೊದಲ ಸಲ ಅಂಗಡಿಯಲ್ಲಿದ್ದ ಸಿದ್ಧ ರೀಸೋಲನ್ನು ಸುಮಾರು 550 ರೂಪಾಯಿಗೆ ಕೊಂಡೆ. ಹೊಸ ಗ್ರಿಪ್ಪಿನ ಹೊಳಪಿಗೆ ಮರುಳಾದೆ. ಮೂರನೇ ತಿಂಗಳು ಮಡಿಕೇರಿಗೆ ಹತ್ತುವಾಗ ಹಿಂದಿನಿಂದ ಟಪಟಪ ಸದ್ದು. ಇಳಿದು ನೋಡಿದರೆ ಅಂಗೈ ಅಗಲದ ರಬ್ಬರ್ ಎದ್ದು ಮಡ್‌ಗಾರ್ಡಿಗೆ ಬಡಿಯುತ್ತಿತ್ತು. ಪಕ್ಕದಲ್ಲಿದ್ದ ನಾಲ್ಕಂಕಿಯನ್ನು ಓದಿದ್ದು ಆಗ: 2311. 2011ರ 23ನೇ ವಾರದ ಟೈರು! ಎಂಟು ವರ್ಷದ ಮುದಿ ಮೈಗೆ ಹೊಸ ಅಂಗಿ ತೊಡಿಸಿದ್ದರು.

ಎರಡನೇ ಸಲ ನನ್ನದೇ ಟೈರು ಕೊಟ್ಟೆ, ಆದರೆ ನೂಲು ಕಾಣುವವರೆಗೆ ಓಡಿಸಿದ ಮೇಲೆ. ತಿಂಗಳೊಳಗೆ ಒಂದು ಕಡೆ ನಿಂಬೆಹಣ್ಣಿನಷ್ಟು ಉಬ್ಬಿತು. ಟ್ಯೂಬೂ ಹೋಯಿತು. ಎರಡೂ ಸೇರಿ 1,500 ರೂಪಾಯಿ ನೀರುಪಾಲು.

ಆಮೇಲೆ ಕ್ರಮ ಬದಲಿಸಿದೆ. ಸವೆತದ ಗುರುತಿನ ಗೆರೆ ಮುಟ್ಟುವ ಮೊದಲೇ ಟೈರು ಬಿಚ್ಚಿದೆ. ಮೂರು ವರ್ಷ ದಾಟಿದ ಕೇಸಿಂಗನ್ನು, ಅಂದರೆ ಹಳೆಯ ಟೈರಿನ ಮೈಯನ್ನು, ರೀಸೋಲಿಗೆ ಕೊಡುವುದಿಲ್ಲ. ಪಕ್ಕದ ಗೋಡೆಯನ್ನು ಎರಡು ಹೆಬ್ಬೆರಳಿನಿಂದ ಮಡಚಿ ಕೂದಲೆಳೆಯ ಬಿರುಕು ಹುಡುಕುತ್ತೇನೆ, ಒಳಗೆ ಟಾರ್ಚ್ ಬಿಟ್ಟು ಹಳೆಯ ಪಂಕ್ಚರ್ ಎಣಿಸುತ್ತೇನೆ. ಎರಡಕ್ಕಿಂತ ಹೆಚ್ಚಿದ್ದರೆ ಗುಜರಿಗೆ. ಕೊಡುವ ಮೊದಲಿನ ವಾರ ಕೇಸಿಂಗಿಗೆ ನಾನು ಮಾಡುವ ಒಂದು ಕೆಲಸವಿದೆ, ಅದು ನನ್ನ ಹತ್ತಿರವೇ ಇರಲಿ.

ರೀಸೋಲ್ ಆಗಿ ಬಂದ ಟೈರಿನಲ್ಲಿ ಹೊಸ ರಬ್ಬರ್ ಹಳೆಯದಕ್ಕೆ ಸೇರುವ ಅಂಚಿಗೆ ಸುತ್ತಲೂ ಉಗುರು ಹಾಕಿ ನೋಡಬೇಕು. ಉಗುರು ಒಳಹೊಕ್ಕರೆ ಅಲ್ಲೇ ವಾಪಸ್ ಕೊಡಿ. ಗಾಳಿ ಕಡಿಮೆಯಾದರೆ ಟೈರು ಬಿಸಿಯಾಗಿ ಅಂಟು ಬಿಡುತ್ತದೆ. ಒಬ್ಬನೇ ಇದ್ದರೆ 33 ಪೌಂಡ್, ಹಿಂದೆ ಕಾಫಿ ಮೂಟೆ ಇದ್ದರೆ 40ರ ಹತ್ತಿರ. ವಾರಕ್ಕೊಮ್ಮೆ ನೋಡುತ್ತೇನೆ.

ತೋಟದ ಕೆಸರಿಗೆಂದು ಬ್ಲೇಡಿನಿಂದ ಹೆಚ್ಚುವರಿ ಗೀರು ಕೊಯ್ದೂ ನೋಡಿದೆ. ಕೆಸರಿನಲ್ಲಿ ಚೆನ್ನಾಗಿಯೇ ಹತ್ತಿತು, ಡಾಂಬರಿನಲ್ಲಿ ಮಾತ್ರ ಗ್ರಿಪ್ಪು ತುಂಡುತುಂಡಾಗಿ ಉದುರಿತು. ಮುಂದಿನ ಚಕ್ರಕ್ಕೆ ಒಮ್ಮೆ ಹಾಕಿ, ಪಾಚಿಗಟ್ಟಿದ ತಿರುವಿನಲ್ಲಿ ಜಾರಿದ ದಿನವೇ ಬಿಚ್ಚಿಸಿದೆ. ಮುಂದಿನ ಚಕ್ರಕ್ಕೆ ಹೊಸ ಟೈರೇ ಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಹೊಸದಕ್ಕೆ 1,900ರ ಸುಮಾರು. ನನಗೆ ಕೂರಿಸುವ ಕೂಲಿಯೂ ಸೇರಿ 750 ಬಿತ್ತು. ಇದೇ ಮೈಗೆ ಇನ್ನೊಮ್ಮೆ ಹಾಕಿಸಬಾರದೇ ಎಂದು ಕೇಳುತ್ತಾರೆ. ಹಾಕಿಸುವುದಿಲ್ಲ. ತಮ್ಮನ ಬೈಕಿನದು ಇನ್ನೇನು ಗೆರೆ ಮುಟ್ಟಲಿದೆ, ಈ ಭಾನುವಾರ ಅದನ್ನು ಬಿಚ್ಚುತ್ತೇನೆ.